ಕೊಂಡವರ ಕೈಗೇ ಕೀಲಿಕೈ

ದುಡ್ಡು ಕೊಟ್ಟು ಕೊಂಡ ಪುಸ್ತಕದ ಬೀಗ ತೆಗೆಯುವುದು ಕಳ್ಳತನವಲ್ಲ. ಇಷ್ಟನ್ನು ಗಟ್ಟಿಯಾಗಿ ಹೇಳುವುದಕ್ಕೇ ಓದುಗರು, ಗ್ರಂಥಪಾಲಕರು, ಕಣ್ಣು ಕಾಣದ ವಿದ್ಯಾರ್ಥಿಗಳು ಸೇರಿ ಈ ಚಳವಳಿ ಕಟ್ಟುತ್ತಿದ್ದೇವೆ.

ಡಿಆರ್‌ಎಂ ಎಂಬ ಡಿಜಿಟಲ್ ಬೀಗ ಹಾಕಿದ ಇ-ಪುಸ್ತಕ ನಿಮ್ಮ ಫೋನಿನಲ್ಲೇ ಇರುತ್ತದೆ, ಗೂಢಲಿಪಿಯಲ್ಲಿ. ಅದನ್ನು ಬಿಡಿಸುವ ಕೀಲಿ ಮಾತ್ರ ಮಾರಿದವರ ಹಿಡಿತದಲ್ಲಿ. 2009ರ ಜುಲೈನಲ್ಲಿ ಅಮೆಜಾನ್, ಪ್ರಕಟಿಸಿದವರಿಗೆ ಹಕ್ಕಿರಲಿಲ್ಲವೆಂದು, ಗ್ರಾಹಕರ ಕಿಂಡಲ್‌ಗಳಿಂದ ಜಾರ್ಜ್ ಆರ್ವೆಲ್‌ನ ‘1984’ ಕಾದಂಬರಿಯನ್ನು ಅಳಿಸಿಹಾಕಿತು. (ಅಳಿಸುವುದಕ್ಕೆ ಇದೇ ಪುಸ್ತಕ ಸಿಗಬೇಕಿತ್ತೆ!) 2019ರಲ್ಲಿ ಮೈಕ್ರೋಸಾಫ್ಟ್ ಇ-ಪುಸ್ತಕದ ಅಂಗಡಿ ಮುಚ್ಚಿದಾಗ ಕೊಂಡವರ ಪುಸ್ತಕಗಳೂ ಅದರೊಂದಿಗೇ ಹೋದವು. ದುಡ್ಡು ವಾಪಸ್ ಬಂತು, ನಿಜ. ಪುಟದಲ್ಲಿ ಟಿಪ್ಪಣಿ ಬರೆದುಕೊಂಡಿದ್ದವರಿಗೆ ಮೇಲೆ 25 ಡಾಲರ್. ಟಿಪ್ಪಣಿಗೆ ಕಂಪನಿಯೇ ಬೆಲೆ ಕಟ್ಟಿತು.

ಪೆಟ್ಟು ಜೋರಾಗಿ ಬೀಳುವುದು ಕಣ್ಣು ಕಾಣದವರಿಗೆ. ಪರದೆ ಓದಿ ಹೇಳುವ ಫೋನಿನ ತಂತ್ರಾಂಶ ಟಾಕ್‌ಬ್ಯಾಕ್, ಪುಸ್ತಕದ ಆ್ಯಪಿನ ಗುಂಡಿಗಳನ್ನೆಲ್ಲ ಓದಿ ಹೇಳುತ್ತದೆ: ‘ಹಿಂದಕ್ಕೆ’, ‘ಮೆನು’, ‘ಪುಟ 14’. ಬೀಗವಿರುವ ಎಷ್ಟೋ ಪುಸ್ತಕಗಳಲ್ಲಿ ಪುಟದ ಮೇಲೆ ಬೆರಳಿಟ್ಟರೆ ಸದ್ದಿಲ್ಲ. ಒಳಗಿನ ಪಠ್ಯವನ್ನು ಹೊರಗಿನ ತಂತ್ರಾಂಶಕ್ಕೆ ಕೊಡಕೂಡದೆಂದು ಬೀಗ ಹಾಕಿದವರ ಅಪ್ಪಣೆ. ಕನ್ನಡದಲ್ಲಂತೂ ಬೀಗ ತೆಗೆದ ಮೇಲೂ ಒಳಗೆ ಯೂನಿಕೋಡ್ ಅಲ್ಲದ ಹಳೆಯ ಫಾಂಟ್ ಇದ್ದರೆ ಕೇಳಿಸುವುದು ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳು. ಆ ಜಗಳ ಬೇರೆಯೇ ಇದೆ. ಹೀಗಿದ್ದರೂ, ಅಂಧರಿಗೆ ಪುಸ್ತಕ ದಕ್ಕಿಸುವ ಮರಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಸ್ಥಿರೀಕರಿಸಿದ ದೇಶ ನಮ್ಮದು.

ಕಾನೂನು ನಮ್ಮ ವಿರುದ್ಧ ಇಲ್ಲ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಅಮೆರಿಕದ 1998ರ ಡಿಎಂಸಿಎ ಎಂಬ ಕೃತಿಸ್ವಾಮ್ಯ ಕಾಯ್ದೆಯ ಅಡಿಯಲ್ಲಿ, ಇ-ಪುಸ್ತಕದ ಬೀಗ ತೆಗೆಯುವ ತಂತ್ರಾಂಶ ಬರೆದ ರಷ್ಯದ ದಿಮಿತ್ರಿ ಸ್ಕ್ಲ್ಯಾರೊವ್ 2001ರಲ್ಲಿ ಲಾಸ್ ವೇಗಸ್‌ನಲ್ಲಿ ಬಂಧನಕ್ಕೊಳಗಾದರು. ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಂ ಅಷ್ಟು ಕುರುಡಲ್ಲ. ಹಕ್ಕು ಉಲ್ಲಂಘಿಸುವ ಉದ್ದೇಶವಿದ್ದರೆ ಎರಡು ವರ್ಷದವರೆಗೆ ಜೈಲು, ದಂಡ. ಕಾಯ್ದೆ ನಿಷೇಧಿಸದ ಕೆಲಸಕ್ಕಾದರೆ ಬೀಗ ತೆಗೆಯಬಹುದು. ಸ್ವಂತ ಓದು, ಸಂಶೋಧನೆ, ಅಂಗವಿಕಲರಿಗೆ ಒಗ್ಗುವ ರೂಪದ ಪ್ರತಿ, ಇವಕ್ಕೆಲ್ಲ 52ನೇ ಕಲಂನಲ್ಲಿ ಅವಕಾಶವಿದೆ. ಆದರೆ ಒಂದು ಕೊಕ್ಕೆ: ಇನ್ನೊಬ್ಬರಿಗೆ ಬೀಗ ತೆಗೆದುಕೊಡುವವರು, ತೆಗೆಸಿಕೊಂಡವರ ಹೆಸರು, ವಿಳಾಸ, ಉದ್ದೇಶ ಎಲ್ಲ ಬರೆದಿಡಬೇಕು. ಒಂದು ಕಾದಂಬರಿ ಕೇಳಿಸಿಕೊಳ್ಳಲು ಅಂಧ ಹುಡುಗಿ ಲಾಡ್ಜಿಗೆ ಬಂದವರ ಹಾಗೆ ರಿಜಿಸ್ಟರ್ ತುಂಬಬೇಕು.

ಪ್ರಕಾಶಕರ ಸಂಕಟ ನಮಗೆ ಗೊತ್ತು. ಸಾವಿರ ಪ್ರತಿ ಖರ್ಚಾಗಲು ವರ್ಷಗಟ್ಟಲೆ ಕಾಯುವವರ ಪುಸ್ತಕ ಟೆಲಿಗ್ರಾಂನಲ್ಲಿ ಪುಕ್ಕಟೆ ಹರಿದಾಡಿದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಅದು ಕಳ್ಳತನವೇ, ಹಾಗೆ ಹಂಚುವವರಿಗೆ ಇಲ್ಲಿ ಜಾಗವಿಲ್ಲ. ಆದರೆ ನಾವು ಕಂಡ ಅಂಥ ಪಿಡಿಎಫ್‌ಗಳಲ್ಲಿ ಬಹುಪಾಲು ಅಚ್ಚಾದ ಪುಸ್ತಕವನ್ನು ಸ್ಕ್ಯಾನ್ ಮಾಡಿದವು. ಡಿಜಿಟಲ್ ಬೀಗ ಆ ಕಳ್ಳರ ದಾರಿಯಲ್ಲಿ ಇಲ್ಲವೇ ಇಲ್ಲ. ಕೊಂಡವರ ದಾರಿಗೆ ಮಾತ್ರ ಅಡ್ಡ ನಿಂತಿದೆ.

ಆದ್ದರಿಂದ ಆ ರಿಜಿಸ್ಟರಿನ ಪರಂತುಕ ರದ್ದಾಗಬೇಕು, ಅಂಗವಿಕಲ ಓದುಗರ ಮಟ್ಟಿಗಾದರೂ ತಕ್ಷಣ. ಬೀಗವಿರುವ ಪುಸ್ತಕ ಮಾರುವವರು ಅದು ಬರೀ ಪರವಾನಗಿ ಎಂದು ಬೆಲೆಯ ಪಕ್ಕದಲ್ಲೇ ಬರೆಯಬೇಕು. ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಇಂಥ ಕಾನೂನಿದೆ. ಕೃತಿಸ್ವಾಮ್ಯ ಮುಗಿದ ದಿನ ಬೀಗವೂ ಬೀಳಬೇಕು. ನಾಟಕಕಾರ ಕೈಲಾಸಂ ತೀರಿಕೊಂಡದ್ದು 1946ರಲ್ಲಿ. ಅವರು ಬದುಕಿದ್ದಾಗ ಅಚ್ಚಾದ ನಾಟಕಗಳು, ತೀರಿಕೊಂಡ ಮೇಲೆ 60 ವರ್ಷ ಎಂಬ ಲೆಕ್ಕದಲ್ಲಿ, 2007ರಿಂದ ಎಲ್ಲರ ಸ್ವತ್ತು. ಅವಕ್ಕೆ ಬೀಗ ಹಾಕಲು ಮಾರುವವರು ಯಾರು?

ಕಾಯ್ದೆ ಬದಲಾಗುವವರೆಗೆ, ಬೀಗ ತೆಗೆದುಕೊಡುವಾಗ ನಾವು ರಿಜಿಸ್ಟರ್ ಇಡುತ್ತೇವೆ, ಕದ್ದುಮುಚ್ಚಿ ಏನೂ ಮಾಡುವುದಿಲ್ಲ. ಬೀಗ ತೆಗೆಸಲು ಬರುವವರು ಪುಸ್ತಕ ಕೊಂಡ ರಸೀದಿ ತರಬೇಕು. ರಸೀದಿ ಇಲ್ಲದಿದ್ದರೆ ಮೊದಲು ಪುಸ್ತಕ ಕೊಂಡು ಬನ್ನಿ.