ಕರೆಂಟ್ ಟ್ರಾನ್ಸ್‌ಫಾರ್ಮರೂ ನಮ್ಮ ಪಾಠಗಳೂ

ಟ್ರಾನ್ಸ್‌ಫಾರ್ಮರು ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ರಸ್ತೆಯ ಬದಿಯ ಬೇಲಿಯೊಳಗೆ ಗುಂಯ್‌ಗುಡುತ್ತ ನಿಂತ ಪೆಟ್ಟಿಗೆ. ಪಾಠಗಳೂ ಸಾಮಾನ್ಯವಾಗಿ ವಿದ್ಯುದೊತ್ತಡವನ್ನು ಏರಿಸುವ, ಇಳಿಸುವ ಆ ಯಂತ್ರವನ್ನಷ್ಟೇ ವರ್ಣಿಸಿ ಸುಮ್ಮನಾಗುತ್ತವೆ. ಅದರ ಒಡಹುಟ್ಟಾದ ಕರೆಂಟ್ ಟ್ರಾನ್ಸ್‌ಫಾರ್ಮರನ್ನು ಮರೆಯುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ದೊಡ್ಡ ಕಟ್ಟಡವೊಂದಕ್ಕೆ ಹರಿದುಬರುವ ನೂರಾರು ಆಂಪಿಯರ್ ಪ್ರವಾಹವನ್ನು ನೇರವಾಗಿ ಮೀಟರಿನೊಳಗೆ ಬಿಡಲಾಗದು. ಆದ್ದರಿಂದ ಆ ದಪ್ಪ ತಂತಿಯನ್ನು ಕಬ್ಬಿಣದ ಬಳೆಯೊಂದರ ನಡುವೆ ಹಾಯಿಸುತ್ತಾರೆ. ಬಳೆಗೆ ಸಣ್ಣ ತಂತಿಯ ಸುರುಳಿಯನ್ನು ಸುತ್ತಿರುತ್ತಾರೆ. ದಪ್ಪ ತಂತಿಯದು ಒಂದೇ ಸುತ್ತು, ಸುರುಳಿಯದು 40 ಎಂದಿಟ್ಟುಕೊಳ್ಳೋಣ. ಅಲ್ಲಿ 200 ಆಂಪಿಯರ್ ಹರಿದರೆ ಇಲ್ಲಿ 5 ಮಾತ್ರ. 1831ರಲ್ಲಿ ಫ್ಯಾರಡೆ ಕಂಡುಹಿಡಿದ ತತ್ತ್ವವೇ ಇದಕ್ಕೂ ಆಧಾರ. ಆದರೆ ಪ್ರವಾಹ ಬದಲಾಗುತ್ತಿರಬೇಕು. 1925ರಲ್ಲಿ ಮುಂಬಯಿಗೆ ಬಂದ ವಿದ್ಯುತ್ ರೈಲುಗಳು 1500 ವೋಲ್ಟಿನ ನೇರ ಪ್ರವಾಹದಿಂದ ಓಡುತ್ತಿದ್ದುವು. ಅಂಥ ತಂತಿಯ ಸ್ಥಿರ ಪ್ರವಾಹಕ್ಕೆ ಈ ಬಳೆ ಮೂಕವೇ ಸರಿ. ಇಂದಿನ 25,000 ವೋಲ್ಟಿನ ಪರ್ಯಾಯ ಪ್ರವಾಹಕ್ಕೆ ಆ ತೊಡಕಿಲ್ಲ.

ಇನ್ನು ಅಪಾಯದ ಮಾತು. ತಂತಿಯನ್ನು ಕಳಚಿದರೆ ಕ್ಷೇಮ ಎಂಬ ನಮ್ಮ ತಿಳುವಳಿಕೆ ಇಲ್ಲಿ ತಲೆಕೆಳಗಾಗುತ್ತದೆ. ಸುರುಳಿಯಲ್ಲಿ ಹರಿಯುವ ಪ್ರವಾಹವು ದಪ್ಪ ತಂತಿಯ ಕಾಂತಬಲವನ್ನು ಎದುರಿಸಿ ಹದದಲ್ಲಿಡುತ್ತಿರುತ್ತದೆ. ಮೀಟರನ್ನು ಕಳಚಿ ಸುರುಳಿಯ ತುದಿಗಳನ್ನು ತೆರೆದುಬಿಟ್ಟರೆ ಆ ಎದುರಾಳಿ ಇಲ್ಲವಾಗುತ್ತಾನೆ. ದಪ್ಪ ತಂತಿಯ ಪ್ರವಾಹವೋ ಕಟ್ಟಡದ ಬೇಡಿಕೆಯಂತೆ ಹರಿಯುತ್ತಲೇ ಇರುತ್ತದೆ. ಆಗ ದೊಡ್ಡ ಉಪಕರಣಗಳ ತೆರೆದ ತುದಿಗಳಲ್ಲಿ ಸಾವಿರಾರು ವೋಲ್ಟುಗಳ ಒತ್ತಡ ಚಿಮ್ಮಬಹುದು. ಮುಟ್ಟಿದವನ ಪ್ರಾಣಕ್ಕೂ ಸುರುಳಿಯ ಹೊದಿಕೆಗೂ ಕೇಡು. ಆದುದರಿಂದಲೇ ಬಲ್ಲ ಕೆಲಸಗಾರರು ಮೀಟರನ್ನು ತೆಗೆಯುವ ಮೊದಲು ಆ ತುದಿಗಳನ್ನು ಒಂದಕ್ಕೊಂದು ಜೋಡಿಸುತ್ತಾರೆ. ಆ ಮಾರ್ಗದಲ್ಲಿ ಫ್ಯೂಸನ್ನು ಇಡುವುದೇ ಇಲ್ಲ.

‘ಅಪಾಯ’ ಎಂಬ ಫಲಕವನ್ನು ತೂಗಹಾಕಿದ ಮಾತ್ರಕ್ಕೆ ಸಾಲದು. ಈ ಕಾರಣವನ್ನೂ ಕಲಿಸಬೇಕು. ಈಗಂತೂ ಪುಟ್ಟ ಕರೆಂಟ್ ಟ್ರಾನ್ಸ್‌ಫಾರ್ಮರುಗಳು ಯಾರಿಗೂ ಕ್ರಯಕ್ಕೆ ದೊರೆಯುತ್ತವೆ. ವಿಜ್ಞಾನ ಪ್ರದರ್ಶನಕ್ಕೆಂದು ಕೊಂಡುತರುವ ಮಿತ್ರರೂ ಉಂಟು. ತುದಿಗಳನ್ನು ಕೂಡಿಸುವ ರೋಧಕವು ಕೆಲವುಗಳ ಒಳಗೇ ಇರುತ್ತದೆ, ಕೆಲವುಗಳಲ್ಲಿ ಇರುವುದಿಲ್ಲ. ಅದನ್ನು ಹಿಡಿದು ಕಟ್ಟಡದ ಮೀಟರು ಕೋಣೆಗೆ ನುಗ್ಗುವುದು ಸಾಹಸವಲ್ಲ, ಅವಿವೇಕ. ನಮ್ಮ ಪ್ರಯೋಗಶಾಲೆಯಲ್ಲಿ, ಗುರುಗಳ ಸಮ್ಮುಖದಲ್ಲಿ, 12 ವೋಲ್ಟಿನ ಪರ್ಯಾಯ ಪ್ರವಾಹ, ಒಂದು ದೀಪ, ರೋಧಕ ಕೂಡಿಸಿದ ಒಂದು ಬಳೆ, ಒಂದು ಮೀಟರು ಇದ್ದರೆ ಸಾಕು. ದೀಪದ ಒಂದು ತಂತಿಯನ್ನು ಬಳೆಯೊಳಗೆ ಹಾಯಿಸಿದರೆ ಮೀಟರು ಅಂಕೆ ತೋರುತ್ತದೆ. ಹೋಗುವ ತಂತಿ, ಬರುವ ತಂತಿ ಎರಡನ್ನೂ ಒಟ್ಟಿಗೆ ಹಾಯಿಸಿದರೆ ಸೊನ್ನೆಗೆ ಇಳಿಯುತ್ತದೆ. ಏಕೆ ಹಾಗಾಯಿತೆಂದು ಗುರುಗಳು ತಾವೇ ಹೇಳುವ ಮೊದಲು ನಮ್ಮನ್ನು ಕೇಳಲಿ.