ತಾಯಿ ಕಾರ್ಡಿನಲ್ಲಿಲ್ಲದ ಲಸಿಕೆ

ಮಳೆಗಾಲದಲ್ಲಿ ಮಕ್ಕಳ ಡಾಕ್ಟರ ಕ್ಲಿನಿಕ್ಕಿನಲ್ಲಿ ಅರ್ಧ ಗಂಟೆ ಕುಳಿತರೆ ಈ ದೂರು ಕಿವಿಗೆ ಬಿದ್ದೇ ಬೀಳುತ್ತದೆ: ‘ಫ್ಲೂ ಇಂಜೆಕ್ಷನ್ ಹಾಕಿಸಿದ್ವಲ್ಲ ಡಾಕ್ಟ್ರೇ, ಆಮೇಲೂ ಮೂರು ಸಲ ನೆಗಡಿ ಆಯ್ತು!’

ಆ ತಾಯಿ ಹೇಳುವುದು ಸುಳ್ಳಲ್ಲ. ಮೂಗು ಸೋರಿಸುವ ವೈರಾಣುಗಳು ನೂರಾರಿವೆ. ಈ ಲಸಿಕೆಗೆ ಗುರುತಿರುವುದು ಇನ್‌ಫ್ಲುಯೆಂಜಾ ಒಂದೇ. ಅದನ್ನೂ ಪೂರ್ತಿ ತಡೆಯುತ್ತದೆಂಬ ಖಾತರಿಯಿಲ್ಲ, ಆದರೆ ಕಾಯಿಲೆ ಉಲ್ಬಣಿಸಿ ಮಗು ಆಸ್ಪತ್ರೆ ಸೇರುವ ಸಂಭವವನ್ನು ತಗ್ಗಿಸುತ್ತದೆ. ವೈರಾಣು ವೇಷ ಬದಲಿಸುತ್ತಲೇ ಇರುವುದರಿಂದ ಲಸಿಕೆಯಲ್ಲಿ ಯಾವ ತಳಿ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆರಡು ಬಾರಿ ಹೇಳುತ್ತದೆ. ಹಾಗಾಗಿ ಹೋದ ವರ್ಷ ಹಾಕಿಸಿದ್ದು ಈ ವರ್ಷಕ್ಕೆ ಸಾಲದು. 9 ವರ್ಷದೊಳಗಿನ ಮಗುವಿಗೆ ಮೊದಲ ಸಲವಾದರೆ ನಾಲ್ಕು ವಾರ ಬಿಟ್ಟು ಎರಡನೇ ಡೋಸ್ ಕೂಡ ಬೇಕು.

ಇದನ್ನೆಲ್ಲ ತಿಳಿಹೇಳಿದರೆ ಸಾಕು, ಜನ ಸಾಲುಗಟ್ಟುತ್ತಾರೆ ಎಂದು ನಾನು ನಂಬುವುದಿಲ್ಲ. ಪೋಲಿಯೊ ಹನಿ ಹಾಕಿಸಲು ಯಾರೂ ವೈರಾಣುಶಾಸ್ತ್ರ ಓದಿ ಬಂದವರಲ್ಲ. ಅದು ತಾಯಿ ಕಾರ್ಡಿನಲ್ಲಿತ್ತು, ಆಶಾ ಕಾರ್ಯಕರ್ತೆ ನೆನಪಿಸಿದರು, ದುಡ್ಡು ಕೇಳಲಿಲ್ಲ. ಫ್ಲೂ ಲಸಿಕೆಗೆ ಈ ಮೂರೂ ಇಲ್ಲ. ಮಕ್ಕಳ ತಜ್ಞರ ಸಂಘ ಆರು ತಿಂಗಳಿಂದ ಐದು ವರ್ಷದವರೆಗೆ ಪ್ರತಿವರ್ಷ ಹಾಕಿಸಿ ಎನ್ನುತ್ತದೆ. ಆದರೆ ಅದು ಸರ್ಕಾರದ ಪಟ್ಟಿಯಲ್ಲಿಲ್ಲ, ಖಾಸಗಿಯಲ್ಲಿ ದುಡ್ಡು ಕೊಟ್ಟೇ ಹಾಕಿಸಬೇಕು. ಐದು ದಾಟಿದ ಮೇಲಂತೂ ಮಗು ಲಸಿಕೆಗೆಂದು ಡಾಕ್ಟರ ಮೆಟ್ಟಿಲು ಹತ್ತುವುದೇ ಅಪರೂಪ. ಉಬ್ಬಸವಿರುವ ಒಂಬತ್ತನೇ ಕ್ಲಾಸಿನ ಹುಡುಗನಿಗೆ ಲಸಿಕೆ ಅಗತ್ಯ, ಆದರೆ ನೆನಪಿಸುವವರು ಯಾರು?

ನೆನಪಿಸುವ ಕೆಲಸವನ್ನು ಶಾಲೆಗೇ ಒಪ್ಪಿಸಬಹುದು. ಶಾಲೆಯಲ್ಲೇ ಲಸಿಕೆ ಹಾಕುವ ಈ ದಾರಿಯನ್ನು ಜಪಾನ್ ಹಿಂದೆಯೇ ಹಿಡಿದಿತ್ತು. 1962ರಲ್ಲಿ ಅಲ್ಲಿ ಶಾಲಾ ಮಕ್ಕಳಿಗೆ ಫ್ಲೂ ಲಸಿಕೆ ಶುರುವಾಯಿತು, 1977ರಲ್ಲಿ ಕಡ್ಡಾಯವಾಯಿತು. ಅಡ್ಡಪರಿಣಾಮದ ಭಯ, ಉಪಯೋಗದ ಬಗ್ಗೆ ಅನುಮಾನ ಬೆಳೆದು 1987ರಲ್ಲಿ ಪೋಷಕರ ಇಷ್ಟಕ್ಕೆ ಬಿಟ್ಟರು, 1994ರಲ್ಲಿ ಕಾರ್ಯಕ್ರಮವನ್ನೇ ಕೈಬಿಟ್ಟರು. 2001ರಲ್ಲಿ ಸಂಶೋಧಕರು ಮರಣದ ಲೆಕ್ಕ ತೆಗೆದಾಗ ಕಂಡದ್ದು ಬೇರೆಯೇ: ಮಕ್ಕಳಿಗೆ ಲಸಿಕೆ ಹಾಕುತ್ತಿದ್ದ ಕಾಲದಲ್ಲಿ ಚಳಿಗಾಲದ ಹೆಚ್ಚುವರಿ ಸಾವುಗಳು ಇಳಿದಿದ್ದವು, ನಿಲ್ಲಿಸಿದ ಮೇಲೆ ಮತ್ತೆ ಏರಿದ್ದವು. ಸತ್ತವರಲ್ಲಿ ಹೆಚ್ಚಿನವರು ವಯಸ್ಸಾದವರು. ಅಂದಾಜಿನ ಪ್ರಕಾರ ಸುಮಾರು 420 ಮಕ್ಕಳಿಗೆ ಹಾಕಿದ ಲಸಿಕೆ ಒಂದು ಸಾವನ್ನು ತಪ್ಪಿಸುತ್ತಿತ್ತು. ಈ ಲೆಕ್ಕದ ಬಗ್ಗೆ ತಕರಾರು ಉಂಟು. ಆದರೆ ಶಾಲೆಯಿಂದ ಬಂದ ಮೊಮ್ಮಗ ಅಜ್ಜಿಯ ಪಕ್ಕ ಮಲಗುವ ಮನೆಯವರಿಗೆ ಇದು ಅರ್ಥವಾಗದ ಮಾತಲ್ಲ.

ಬ್ರಿಟನ್ 2013ರಿಂದ ಹಂತಹಂತವಾಗಿ, ಕಡ್ಡಾಯ ಮಾಡದೆ ಇದನ್ನೇ ಮಾಡಿದೆ. ಒಪ್ಪಿಗೆ ಪತ್ರ ಮನೆಗೆ ಹೋಗುತ್ತದೆ, ನರ್ಸ್ ಶಾಲೆಗೇ ಬರುತ್ತಾರೆ, ಮಗುವಿನ ಮೂಗಿನ ಹೊಳ್ಳೆಗೆ ಒಂದೊಂದು ಸಿಂಪಡಣೆ. ಸೂಜಿಯ ಅಳು ಇಲ್ಲ.

ನಮಗೂ ಇದು ಹೊಸತಲ್ಲ. 2017ರ ದಡಾರ-ರುಬೆಲ್ಲಾ ಅಭಿಯಾನದಲ್ಲಿ ಕರ್ನಾಟಕದ ಶಾಲೆಗಳ ವರಾಂಡಗಳಲ್ಲೇ ಮಕ್ಕಳು ಅಂಗಿ ತೋಳು ಮಡಚಿ ನಿಂತಿದ್ದರು. 10 ಮತ್ತು 16ನೇ ವಯಸ್ಸಿನ ಟಿಡಿ (ಧನುರ್ವಾಯು-ಗಂಟಲಮಾರಿ) ಚುಚ್ಚುಮದ್ದನ್ನೂ ಶಾಲೆಗಳಲ್ಲಿ ಕೊಡುವುದುಂಟು. ಎಲ್ಲ ಮಕ್ಕಳಿಗೂ ಪ್ರತಿವರ್ಷವೆಂದರೆ ಖರ್ಚು ದೊಡ್ಡದು, ನಿಜ. ಉಬ್ಬಸ, ಹೃದಯದ ತೊಂದರೆ, ಸಕ್ಕರೆ ಕಾಯಿಲೆ ಇರುವ ಮಕ್ಕಳಿಂದಲಾದರೂ ಶುರುಮಾಡಬಹುದು. ತೊಡಕಿರುವುದು ಕ್ಯಾಲೆಂಡರಿನಲ್ಲಿ: ಮಳೆಗೆ ಮುಂಚೆ, ಏಪ್ರಿಲ್-ಮೇನಲ್ಲಿ ಹಾಕಿಸುವುದು ಒಳ್ಳೆಯದು, ಆಗ ಶಾಲೆಗೆ ಬೇಸಿಗೆ ರಜೆ. ರಕ್ಷಣೆ ಕೂಡಿಬರಲು ಎರಡು ವಾರ ಬೇಕಾದ್ದರಿಂದ, ಒಪ್ಪಿಗೆ ಪತ್ರವನ್ನು ರಜೆಗೆ ಮೊದಲೇ ಪ್ರಗತಿ ಪತ್ರದ ಜೊತೆ ಮನೆಗೆ ಕಳಿಸಿ, ಶಾಲೆ ಶುರುವಾದ ವಾರವೇ ನರ್ಸ್ ಬರಬೇಕಾಗುತ್ತದೆ.