ಆಟದಿಂದ ಹುಟ್ಟಿದ ಕಥೆ

ಮಕ್ಕಳ ಮೊಬೈಲ್ ಆಟವೊಂದನ್ನು ಚಲಚ್ಚಿತ್ರವಾಗಿ ಮಾಡಿದ್ದಾರೆಂದರೆ ಸಾಹಿತ್ಯ ಬಲ್ಲವರು ಮೂಗು ಮುರಿಯುವುದು ಸಹಜ. ಕಥೆಯೇ ಇಲ್ಲದ ವಸ್ತುವಿನಿಂದ ಕಥೆಯನ್ನು ಹಿಂಡಲು ಹೊರಟವರಿಗೆ ಹಣವಲ್ಲದೆ ಇನ್ನೇನು ಬೇಕಾಗಿದ್ದೀತು ಎಂಬುದು ಅವರ ಆಕ್ಷೇಪ. ಹಣ ಬೇಕಾಗಿತ್ತೆಂಬುದು ನಿಜವೆ. ಆದರೆ ಕೃತಿಯನ್ನು ಅದರ ಹುಟ್ಟಿನಿಂದ ಅಳೆಯುವುದು ವಿಮರ್ಶೆಯಲ್ಲ, ಕುಲವಿಚಾರಣೆ. ಕೇಳತಕ್ಕ ಪ್ರಶ್ನೆ ಬೇರೊಂದುಂಟು: ಆಟದ ಮನೆಯಿಂದ ಹೊರಬಂದ ಕಥೆಗೆ ತನ್ನ ದಾರಿಯನ್ನು ತಾನೇ ಹಿಡಿಯುವ ಸ್ವಾತಂತ್ರ್ಯ ದೊರೆಯಿತೆ? ‘ಆಂಗ್ರಿ ಬರ್ಡ್ಸ್’ ಆಟವನ್ನು ಆಧರಿಸಿ 2016ರಲ್ಲಿಯೂ 2019ರಲ್ಲಿಯೂ ಬಂದ ಎರಡು ಅನಿಮೇಷನ್ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಉತ್ತರ ಕಾಣುತ್ತದೆ. ಅದು ಅಷ್ಟೇನೂ ಹಿತವಾದ ಉತ್ತರವಲ್ಲ.

ಫಿನ್ಲೆಂಡಿನ ಎಸ್ಪೊ ಪಟ್ಟಣದ ರೋವಿಯೋ ಸಂಸ್ಥೆ ಐವತ್ತೊಂದು ಆಟಗಳನ್ನು ತಯಾರಿಸಿ ದಿವಾಳಿಯ ಅಂಚಿಗೆ ಬಂದಿದ್ದಾಗ, 2009ರ ಡಿಸೆಂಬರಿನಲ್ಲಿ ಹೊರಬಂದ ಐವತ್ತೆರಡನೆಯ ಆಟ ಇದು. ಯಾಕ್ಕೊ ಈಸಲೊ ಎಂಬ ವಿನ್ಯಾಸಕಾರ ಬರೆದ ಒಂದು ಚಿತ್ರವೇ ಇದರ ಮೂಲ: ಕಾಲಿಲ್ಲದ, ರೆಕ್ಕೆಯಿಲ್ಲದ, ಹುಬ್ಬು ಗಂಟಿಕ್ಕಿದ ಕೆಲವು ದುಂಡು ಹಕ್ಕಿಗಳು. ಅವುಗಳ ಸಿಟ್ಟಿಗೊಂದು ಗುರಿ ಬೇಕಾದಾಗ ಹಂದಿಗಳು ಬಂದುವು. ಆ ವರ್ಷ ಲೋಕದ ಪತ್ರಿಕೆಗಳೆಲ್ಲ ಹಂದಿಜ್ವರದ ಸುದ್ದಿಯಿಂದ ತುಂಬಿದ್ದುವು. ಹಂದಿಗಳು ಮೊಟ್ಟೆ ಕದ್ದಿವೆ. ಕವಣೆಗೆ ಹಕ್ಕಿಯನ್ನೇರಿಸಿ, ಹಿಂದಕ್ಕೆಳೆದು, ಹಂದಿಗಳ ಕೋಟೆಯ ಮೇಲೆ ಬಿಡಬೇಕು. ಮಾತಿಲ್ಲ, ಕಥೆಯಿಲ್ಲ. ಕಲ್ಲು ಬೀರಿ ಮಾವಿನಕಾಯಿ ಕೆಡವಿದ ಯಾರಿಗಾದರೂ ಈ ಆಟದ ಸುಖ ಗೊತ್ತು: ಬಿಟ್ಟ ವಸ್ತು ಆಕಾಶದಲ್ಲಿ ಬಳಸಿ ಬಾಗಿ ಇಳಿಯುವ ಆ ಕ್ಷಣಕ್ಕೆ ಕಾರಣವೂ ನೀತಿಯೂ ಬೇಕಾಗಿಲ್ಲ.

ಚಿತ್ರಕ್ಕಾದರೊ ಎರಡೂ ಬೇಕು. ಆಟದ ಜನಪ್ರಿಯತೆ ಇಳಿಯತೊಡಗಿ, 2015ರಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ನೌಕರರನ್ನು ಬಿಡಬೇಕಾಗಿ ಬಂದರೂ ರೋವಿಯೋ ಚಿತ್ರವನ್ನು ಕೈಬಿಡಲಿಲ್ಲ. ಸುಮಾರು 7.3 ಕೋಟಿ ಡಾಲರ್ ವೆಚ್ಚದ ಆ ಮೊದಲ ಚಿತ್ರ ಲೋಕಾದ್ಯಂತ ಸುಮಾರು 35 ಕೋಟಿ ಡಾಲರ್ ಗಳಿಸಿತು. ಇದರ ಚಿತ್ರಕಥೆ ಜಾನ್ ವಿಟ್ಟಿಯದು. ‘ದಿ ಸಿಂಪ್ಸನ್ಸ್’ ಮಾಲೆಗೆ ಬರೆದು ಪಳಗಿದ ಕೈ. ಹಕ್ಕಿಗಳಿಗೆ ಕಾಲು ಬಂದುವು, ರೆಕ್ಕೆ ಬಂದುವು (ಹಾರಲು ಮಾತ್ರ ಬಾರದು), ಮಾತೂ ಬಂದಿತು. ಎಲ್ಲರೂ ನಗುನಗುತ್ತಿರುವ ದ್ವೀಪದಲ್ಲಿ ರೆಡ್ ಎಂಬ ಕೆಂಪು ಹಕ್ಕಿ ಒಂದೇ ಸಿಡುಕ. ಸಿಟ್ಟನ್ನು ಅಡಗಿಸುವ ಪಾಠಶಾಲೆಗೆ ಅದನ್ನು ಕಳುಹಿಸುತ್ತಾರೆ. ಇಷ್ಟರಮಟ್ಟಿಗೆ ಕಥೆ ನಿಜವಾಗಿಯೂ ಚೆನ್ನಾಗಿದೆ. ಕ್ರೋಧವನ್ನು ಅರಿಷಡ್ವರ್ಗದಲ್ಲಿ ಸೇರಿಸಿ ಮಗುವಿನ ಬಾಯಿ ಮುಚ್ಚಿಸುವುದು ಹಿರಿಯರಾದ ನಮಗೆ ಸುಲಭ. ಸಿಟ್ಟಿಗೂ ಒಂದು ನ್ಯಾಯವಾದ ಹೊತ್ತುಂಟೆಂದು ಮಗುವಿಗೆ ಹೇಳುವ ಧೈರ್ಯ ನಮ್ಮಲ್ಲಿ ಎಷ್ಟು ಮಂದಿಗೆ ಇದೆ?

ಆಮೇಲೆ ಹಂದಿಗಳು ಹಡಗೇರಿ ಬರುತ್ತವೆ. ಸ್ನೇಹವೆನ್ನುತ್ತವೆ, ಉಡುಗೊರೆ ಕೊಡುತ್ತವೆ. ಆ ಉಡುಗೊರೆಗಳಲ್ಲಿ ಕವಣೆಯೂ ಒಂದು. ಅತಿಥಿ ತಂದ ಕೊಡುಗೆಯೇ ಅವನಿಗೆ ಮುಳುವಾಗುವಂತೆ ಹೆಣೆದದ್ದು ಜಾಣತನವೆಂದೇ ಒಪ್ಪಬೇಕು. ರೆಡ್‌ಗೆ ಸಂದೇಹ, ಉಳಿದವರಿಗೆ ಮರುಳು. ಮೊಟ್ಟೆಗಳು ಕಳವಾಗುತ್ತವೆ, ಹಂದಿಗಳ ಊರು ಪುಡಿಯಾಗುತ್ತದೆ. 2015ರಲ್ಲಿ ದೋಣಿಗಳಲ್ಲಿ ಮೆಡಿಟರೇನಿಯನ್ ದಾಟಿ ಲಕ್ಷಾಂತರ ನಿರಾಶ್ರಿತರು ಯೂರೋಪಿಗೆ ಬಂದಿದ್ದರು. ಮರುವರ್ಷವೇ ಬಂದ ಈ ಚಿತ್ರದಲ್ಲಿ ವಲಸಿಗರ ಮೇಲಣ ಭಯವನ್ನು ಕೆಲವು ವಿಮರ್ಶಕರು ಕಂಡರು. ದುರುದ್ದೇಶವಿತ್ತೆಂದು ನಾನು ತಿಳಿಯುವುದಿಲ್ಲ. ಕಥೆಗಾರನ ಕೈ ಮೊದಲೇ ಕಟ್ಟಿತ್ತು: ಆಟದಲ್ಲಿ ಹಂದಿಯ ಕೋಟೆ ಬೀಳಲೇಬೇಕು, ಆದುದರಿಂದ ಚಿತ್ರದಲ್ಲಿಯೂ ಬೀಳಬೇಕು, ಬೀಳುವುದು ನ್ಯಾಯವೆನಿಸಬೇಕಾದರೆ ಬಂದವರು ಕಳ್ಳರೇ ಆಗಿರಬೇಕು. ಆದರೆ ಉದ್ದೇಶವಿಲ್ಲದ ಮಾತೂ ಮಗುವಿನ ಕಿವಿಗೆ ಬೀಳುತ್ತದಲ್ಲ!

ಕಪಟದ ಅತಿಥಿಯ ಕಥೆ ನಮಗೆ ಹೊಸದಲ್ಲ. ಪಂಚತಂತ್ರದ ಕಾಗೆ-ಗೂಬೆಗಳ ವೈರವನ್ನು ನೆನೆಯಿರಿ. ಸ್ಥಿರಜೀವಿಯೆಂಬ ಮುದಿಕಾಗೆ ಶರಣಾರ್ಥಿಯಂತೆ ನಟಿಸಿ ಗೂಬೆಗಳ ಗುಹೆಯನ್ನು ಸೇರುತ್ತದೆ. ಇವನನ್ನು ನಂಬಬೇಡಿರೆಂದು ರಕ್ತಾಕ್ಷನೆಂಬ ಮಂತ್ರಿಯೊಬ್ಬನೇ ಎಚ್ಚರಿಸುತ್ತಾನೆ, ಕೇಳುವವರಿಲ್ಲ, ಕಡೆಗೆ ಗುಹೆಗೆ ಬೆಂಕಿ ಬೀಳುತ್ತದೆ. ನಮ್ಮ ರಕ್ತಾಕ್ಷನೇ ಅಲ್ಲಿಯ ರೆಡ್. ಆದರೆ ಪಂಚತಂತ್ರ ಕಥೆಯನ್ನು ವಂಚಿಸಿದ ಕಾಗೆಯ ಪಕ್ಷದಿಂದ ಹೇಳುತ್ತದೆ. ಗೂಬೆಗಳು ಮೊದಲು ಕಾಗೆಗಳನ್ನು ಕೊಂದಿದ್ದುವೆಂಬುದನ್ನು ಮುಚ್ಚಿಡುವುದಿಲ್ಲ, ಶರಣು ಬಂದವನನ್ನು ಕಾಯಬೇಕೆಂದ ಗೂಬೆಮಂತ್ರಿಗಳ ಮಾತನ್ನೂ ಬಿಡುವುದಿಲ್ಲ. ಕೇಳುವ ಮಗು ಎರಡು ಕಡೆಯ ಮಾತನ್ನೂ ಕೇಳುತ್ತದೆ. 2016ರ ಚಿತ್ರದಲ್ಲಿ ಹಂದಿಗೆ ಹೊಟ್ಟೆಯುಂಟು, ಪಕ್ಷವಿಲ್ಲ.

2019ರ ಎರಡನೆಯ ಚಿತ್ರದಲ್ಲಿ ತುರೋಪ್ ವ್ಯಾನ್ ಆರ್ಮನ್ ಎಂಬ ನಿರ್ದೇಶಕನು ಈ ಕಟ್ಟನ್ನು ಬಿಚ್ಚಿದನು. ಮೂರನೆಯದೊಂದು ದ್ವೀಪದಿಂದ ಜೀಟಾ ಎಂಬ ಹದ್ದಿನ ರಾಣಿ ಹಿಮದ ಗುಂಡುಗಳನ್ನು ಎಸೆಯತೊಡಗಿದಾಗ ಹಕ್ಕಿಯೂ ಹಂದಿಯೂ ವೈರವನ್ನು ಬದಿಗಿಟ್ಟು ಒಂದಾಗುತ್ತವೆ. ರೆಡ್‌ಗೆ ಈಗ ಬೇರೆ ಚಿಂತೆ: ಶತ್ರುವೇ ಇಲ್ಲವಾದ ಮೇಲೆ ವೀರನನ್ನು ಯಾರು ಕೇಳುತ್ತಾರೆ? ಇದು ಆಟದಲ್ಲಿ ಎಲ್ಲಿಯೂ ಇಲ್ಲದ ಪ್ರಶ್ನೆ. ಕಥೆ ಮಾತ್ರ ಕೇಳಬಲ್ಲ ಪ್ರಶ್ನೆ. ಜೀಟಾಳ ಕೋಪದ ಹಿಂದೆ ಪ್ರಿಯನು ತೊರೆದು ಹೋದ ಹಳೆಯ ನೋವುಂಟು; ಅವಳಿಗೂ ಒಂದು ಪಕ್ಷವನ್ನು ಕೊಟ್ಟಿದ್ದಾರೆ. ವಿಮರ್ಶಕರು ಮೊದಲನೆಯದಕ್ಕಿಂತ ಇದನ್ನು ಬಹಳವಾಗಿ ಮೆಚ್ಚಿದರು. ನನ್ನ ಅಭಿಪ್ರಾಯವೂ ಅದೇ. ನಡುನಡುವೆ ಬರುವ ಅಗ್ಗದ ಹಾಸ್ಯವನ್ನು ಸಹಿಸಿಕೊಳ್ಳಬೇಕು, ಅಷ್ಟೆ. ಗಳಿಕೆ ಮಾತ್ರ ಸುಮಾರು 15 ಕೋಟಿ ಡಾಲರ್, ಮೊದಲನೆಯದರ ಅರ್ಧಕ್ಕಿಂತಲೂ ಕಡಮೆ. ಕಥೆ ಆಟದಿಂದ ಬಿಡುಗಡೆ ಹೊಂದಿದಾಗ ಜನ ಬರಲಿಲ್ಲವೆನ್ನೋಣವೆ? ಆಟದ ಹುಚ್ಚು ಅಷ್ಟರಲ್ಲಿ ತಗ್ಗಿತ್ತೆಂಬುದೂ ಕಾರಣವಿರಬಹುದು. ಆದರೆ ಒಳ್ಳೆಯ ಕಥೆಯನ್ನು ಕೊಟ್ಟರೆ ಸಾಕು, ಮಿಕ್ಕದ್ದು ತಾನಾಗಿ ಬರುತ್ತದೆಂದು ಉಪದೇಶಿಸುವ ನಮ್ಮಂಥವರಿಗೆ ಈ ಲೆಕ್ಕ ನುಂಗಲಾರದ ತುತ್ತು.

ಹಾಗೆಂದು ಚಿತ್ರವನ್ನು ತಡೆದು ಆಟವನ್ನು ಮಗುವಿನ ಕೈಯಲ್ಲಿ ಬಿಡುವುದು ಇನ್ನೂ ವಿಚಿತ್ರ. ಮೊದಲ ಆಟಕ್ಕೆ ಒಂದು ಡಾಲರಿಗೆ ಒಂದು ಸೆಂಟ್ ಕಡಮೆ ಬೆಲೆ. ಒಮ್ಮೆ ಕೊಟ್ಟರೆ ಮುಗಿಯಿತು. ಅನಂತರ ಬಂದುವು ಪುಕ್ಕಟೆ ಆಟಗಳು. ಆಡುತ್ತಿರುವಾಗಲೇ ಹಣ ಕೇಳತಕ್ಕವು, ಕೊನೆಯೆಂಬುದು ಇಲ್ಲದವು. ಹಳೆಯ ಆಟವನ್ನು 2022ರಲ್ಲಿ ಮತ್ತೆ ತಯಾರಿಸಿ ಬೆಲೆಗೆ ಮಾರಿದರು. ಉಳಿದ ಆಟಗಳ ಮೇಲೆ ಅದರ ಪರಿಣಾಮವಾಗುತ್ತಿದೆಯೆಂದು 2023ರ ಫೆಬ್ರವರಿಯಲ್ಲಿ ಗೂಗಲ್ ಅಂಗಡಿಯಿಂದ ತೆಗೆದುಹಾಕಿದರು. ಚಿತ್ರವಾದರೊ ಒಂದೂವರೆ ಗಂಟೆಗೆ ಮುಗಿದು ಮಗುವನ್ನು ಮನೆಗೆ ಕಳುಹಿಸುತ್ತದೆ.

ಮನೆಯಲ್ಲಿ ಮಕ್ಕಳಿರುವವರು ಎರಡನೆಯ ಚಿತ್ರವನ್ನು ನಿಶ್ಚಿಂತರಾಗಿ ತೋರಿಸಲಿ. ಮೊದಲನೆಯದನ್ನು ತೋರಿಸುವುದಾದರೆ ಪಕ್ಕದಲ್ಲಿ ಕುಳಿತಿರುವುದು ಲೇಸು. ಊರು ಬಿದ್ದುಹೋದ ಹಂದಿಗಳು ಆ ರಾತ್ರಿ ಎಲ್ಲಿ ಮಲಗಿದುವು ಎಂದು ಮಗು ಕೇಳೀತು.